ಯಾವ ಊರು, ಯಾವ ಮಳೆಗಾಲ ಎಂದು ಹೇಳದವರನ್ನು ಫಾಲೋ ಮಾಡುವುದು ಬೇಡ

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರವಾದಂತೆ ನಮ್ಮ ಕಡೆಯ ಅಡಿಕೆ ಬೆಳೆಗಾರರ ಫೋನಿನ ತುಂಬ ಔಷಧಿಯ ವಿಡಿಯೊಗಳೇ. ಸೋಗೆಯಲ್ಲಿ (ಅಡಿಕೆ ಮರದ ಗರಿಯಲ್ಲಿ) ಚುಕ್ಕೆ ಬೀಳುವ ಎಲೆಚುಕ್ಕಿ ರೋಗಕ್ಕೆ ಒಂದು, ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಒಂದು, ಹರಳು, ಅಂದರೆ ಎಳೆಯ ಕಾಯಿ, ಉದುರುವುದಕ್ಕೆ ಇನ್ನೊಂದು. ಇಷ್ಟು ಜನರಲ್ಲಿ ಯಾರ ಮಾತು ಕೇಳಬೇಕು? ಹೊಸನಗರ ತಾಲ್ಲೂಕಿನಲ್ಲಿ ತೋಟ ಮಾಡುವ ನಾನು ಯಾರನ್ನು ಫಾಲೋ ಮಾಡುತ್ತೇನೆ, ಯಾರನ್ನು ಬಿಡುತ್ತೇನೆ ಎಂದು ಹೇಳಲು ಈ ಪತ್ರ.

ಮೊದಲು ನೋಡುವುದು ಊರು. ಚನ್ನಗಿರಿಯ ಬಯಲಿನಲ್ಲಿ ಬೋರ್‌ವೆಲ್ ನೀರಿನಿಂದ ಬೆಳೆದ ತೋಟ ಬೇರೆ, ಮಳೆಗಾಲವಿಡೀ ನೀರು ಬಸಿಯುವ ನಮ್ಮ ಕಣಿವೆಯ ತೋಟ ಬೇರೆ. ಅವರಿಗೆ ನೀರು ಉಳಿಸುವ ಚಿಂತೆ, ನಮಗೆ ಬಸಿಗಾಲುವೆ ಬಿಡಿಸುವ ಚಿಂತೆ. ತನ್ನ ತೋಟ ಎಲ್ಲಿದೆ, ಮಳೆ ಎಷ್ಟು, ಯಾವ ತಿಂಗಳಲ್ಲಿ ತೆಗೆದ ವಿಡಿಯೊ ಎಂದು ಹೇಳದವರ ಮಾತು ಎಷ್ಟೇ ಚೆಂದವಿದ್ದರೂ ನನಗೆ ಬೇಡ.

ಎರಡನೆಯದು, ಕೆಲಸ ಗೊತ್ತಿದೆಯೇ ಎನ್ನುವುದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದನ್ನು ನೋಡಿದರೆ ತಿಳಿಯುತ್ತದೆ. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹುಯ್ದು, ಕಬ್ಬಿಣದ ಕತ್ತಿ ಅದ್ದಿ, ಅದಕ್ಕೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ತೋರಿಸುವವರು ಕಡಿಮೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು ಎಂದು ಹೇಳುವವರು ಇನ್ನೂ ಕಡಿಮೆ. ಅಂಥವರು ಸಿಕ್ಕರೆ, ನೋಡುವವರು ನೂರೇ ಜನ ಇರಲಿ, ನಾನು ಬಿಡುವುದಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಔಷಧಿ ಹೊಡೆದ ಮರವನ್ನು ಮಳೆಗಾಲ ಮುಗಿದ ಮೇಲೆ ಮತ್ತೆ ತೋರಿಸುತ್ತಾರಾ? ಜೂನ್‌ನಲ್ಲಿ 'ಒಂದೇ ಸಲಕ್ಕೆ ಎಲೆಚುಕ್ಕಿ ಮಾಯ' ಎಂದವರು ದಸರಾ ಹೊತ್ತಿಗೆ ಬೇರೆ ಯಾವುದೋ ಗೊಬ್ಬರದ ಬಗ್ಗೆ ಮಾತಾಡುತ್ತಿರುತ್ತಾರೆ. ಸಾಗರದ ಕಡೆಯ ಬೆಳೆಗಾರರೊಬ್ಬರು ಮಾತ್ರ ಅದೇ ಮರದ ಕೆಳಗೆ ನಿಂತು, 'ನೋಡಿ, ಈ ಸಾಲಿನಲ್ಲಿ ಹತೋಟಿಗೆ ಬಂತು, ಆ ಸಾಲಿನಲ್ಲಿ ಬರಲಿಲ್ಲ' ಎಂದರು. ಸೋತದ್ದನ್ನೂ ತೋರಿಸಿದರಲ್ಲ, ಅದರಿಂದಲೇ ಅವರ ಮೇಲೆ ನಂಬಿಕೆ ಹುಟ್ಟಿತು.

1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಬಗ್ಗೆ 1910ರಲ್ಲಿ ಬರೆದರು. ಅವರು ಬಳಕೆಗೆ ತಂದ ಬೋರ್ಡೋ ದ್ರಾವಣವನ್ನು ನಾವು ಇವತ್ತಿಗೂ ಹೊಡೆಯುತ್ತೇವೆ. ಇಲ್ಲಿನ ರೋಗವನ್ನು ಇಲ್ಲಿನ ಮಳೆಯಲ್ಲೇ ನೋಡಿ ಹೇಳಿದ ಮಾತು ಇಷ್ಟು ವರ್ಷ ಬಾಳಿದೆ.

ಇನ್ನು ಖಾತೆಯ ಹೆಸರಿನ ಪಕ್ಕದ ನೀಲಿ ಟಿಕ್. 2023ರಿಂದ ನಮ್ಮ ದೇಶದಲ್ಲೂ ಎಕ್ಸ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ತಿಂಗಳ ದುಡ್ಡು ಕಟ್ಟಿದರೆ ಅದು ಸಿಗುತ್ತದೆ. ಟಿಕ್ ನೋಡಿ ಔಷಧಿ ಕೊಳ್ಳುವುದು ಬೇಡ. ಕಂಪನಿಯಿಂದ ದುಡ್ಡನ್ನೋ ಡಬ್ಬಿಯನ್ನೋ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಅದೇ ವರ್ಷ ಜನವರಿಯಲ್ಲಿ ಸೂಚಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ನಮ್ಮ ಕೃಷಿ ವಿಡಿಯೊಗಳಲ್ಲಿ ಇದನ್ನು ಪಾಲಿಸುವವರು ನನಗೆ ಕಂಡದ್ದು ಬಹಳ ಅಪರೂಪ.

ದರದ ವಿಡಿಯೊಗಳದ್ದೂ ಇದೇ ಕಥೆ. ರಾಶಿಯೋ ಬೆಟ್ಟೆಯೋ ಸರಕೋ, ಯಾವ ಬಗೆಯ ಅಡಿಕೆ, ಯಾವ ಮಾರುಕಟ್ಟೆ, ಯಾವ ದಿನ ಎಂದು ಹೇಳದೆ 'ಅಡಿಕೆ ದರ ಕುಸಿತ' ಎಂದು ಕೂಗಿದರೆ ಏನು ಅರ್ಥ?

ಯಾರನ್ನು ಫಾಲೋ ಮಾಡುವುದು ಅವರವರ ಇಷ್ಟ, ನಿಮಗೇನು ಎಂದು ಕೇಳಬಹುದು. ಎಲೆಚುಕ್ಕಿ ಬೇಲಿ ನೋಡಿ ನಿಲ್ಲುವುದಿಲ್ಲ. ಅದರ ಬೀಜಕಣ ಮಳೆ ಗಾಳಿಯಲ್ಲಿ ಪಕ್ಕದ ತೋಟಕ್ಕೆ ಹೋಗುತ್ತದೆ. ರೋಗ ಜಾಸ್ತಿಯಾದ ಸೋಗೆ ಕಡಿದು ಸುಡುವುದು, ಔಷಧಿ ಹೊಡೆಯುವುದು, ಇವನ್ನು ಸುತ್ತಲಿನವರೆಲ್ಲ ಒಂದೇ ಹೊತ್ತಿಗೆ ಮಾಡಿದರೆ ಮಾತ್ರ ಪ್ರಯೋಜನ. ಒಬ್ಬರು ಯಾವುದೋ ವಿಡಿಯೊ ನಂಬಿ ಸುಮ್ನೆ ಕೂತರೆ ಇಡೀ ಊರಿನ ಶ್ರಮ ಹೋಯಿತು. ಹಾಗಾಗಿ ನೆರೆಮನೆಯವರು ಯಾರ ಮಾತು ಕೇಳುತ್ತಾರೆ ಎನ್ನುವುದು ನನ್ನ ತೋಟದ ಪ್ರಶ್ನೆಯೂ ಹೌದು, ಅಲ್ವಾ?

ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ವಿಟ್ಲದಲ್ಲಿ ಕೇಂದ್ರ ಹೊಂದಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಈ ಎರಡೂ ಕಡೆ ತಿಳಿದವರಿದ್ದಾರೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ತಾಲ್ಲೂಕಿನ ಹೆಸರು ಮತ್ತು ದಿನಾಂಕ ಹೇಳಿ, ಕನ್ನಡದಲ್ಲಿ ಎರಡು ನಿಮಿಷದ ವಿಡಿಯೊ ಹಾಕಲಿ. ತಮ್ಮ ಪತ್ರಿಕೆಯ ಕೃಷಿ ಪುಟವೂ ಮೇ ತಿಂಗಳಲ್ಲಿ ಬರೆದ ಸಲಹೆ ಏನಾಯಿತು ಎಂದು ನವೆಂಬರ್‌ನಲ್ಲಿ ಅದೇ ರೈತರನ್ನು ಕೇಳಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಅಡಿಕೆ ಬೆಳೆಗಾರ್ತಿ, ಹೊಸನಗರ ತಾಲ್ಲೂಕು