ಕೊಟ್ಟ ಮೇಲೆ ಏನು ಉಳಿಯುತ್ತದೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಬರೆದು ಹೊಡೆದುಹಾಕಿ ಮತ್ತೆ ಬರೆದ ಸಾಲೊಂದಿದೆ. ‘ಇಷ್ಟು ವರ್ಷ ಕೂಡಿಸಿದ್ದನ್ನೆಲ್ಲ ಕೊಟ್ಟುಬಿಟ್ಟರೆ ನನ್ನದು ಎಂದು ಏನು ಉಳಿಯುತ್ತದೆ, ದೊಡ್ಡಮ್ಮ?’ ಮುಪ್ಪಿನ ಅಧ್ಯಯನ ಮಾಡುವವರೆಲ್ಲ ಸೇರಿ ಪ್ರಾದೇಶಿಕ ಜಾಲವೊಂದನ್ನು ಕಟ್ಟುತ್ತಿದ್ದಾರೆ, ಹಿರಿಯರಿಂದ ನೀನು ಕೂಡಿಸಿದ ದತ್ತಾಂಶವನ್ನು ಹಂಚಿಕೊಂಡು ಸೇರು ಎಂದು ನಿನ್ನನ್ನೂ ಕರೆದಿದ್ದಾರೆ ಎಂದು ಓದಿದಾಗ ಹಿಗ್ಗಿದ್ದೆ. ಆ ಸಾಲಿಗೆ ಬರುವ ಹೊತ್ತಿಗೆ ಹಿಗ್ಗು ಇಳಿದುಹೋಯಿತು. ನೀನು ಸುಮ್ಮನೆ ಹೆದರುವವಳಲ್ಲ. ಹೆದರಿದ್ದೀಯೆ ಎಂದರೆ ಏನನ್ನೋ ಕಂಡಿದ್ದೀಯೆ.

ಆ ಭಯ ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ವಿಜ್ಞಾನ ಎಲ್ಲರದು, ಎಲ್ಲವನ್ನೂ ಹಂಚಿಕೊಳ್ಳಬೇಕು ಎಂದು ವೇದಿಕೆ ಹತ್ತಿ ಹೇಳುವವರಲ್ಲಿ ಹೆಚ್ಚಿನವರು ಹಂಚಿಕೊಂಡರೂ ಏನೂ ಕಳೆದುಕೊಳ್ಳದವರು. ದೊಡ್ಡ ಸಂಸ್ಥೆಗಳಲ್ಲಿ ಸಂಖ್ಯಾಶಾಸ್ತ್ರ ಬಲ್ಲವರಿದ್ದಾರೆ, ಬರೆಯಲು ಕೈಗಳಿವೆ. ಮನೆಯಿಂದ ಮನೆಗೆ ನಡೆದು, ಕಿವಿ ಮಂದವಾದವರ ಮುಂದೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಗಟ್ಟಿಯಾಗಿ ಕೇಳಿ ಉತ್ತರ ತಂದವಳ ಹೆಸರು ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿಗೆ ಜಾರುತ್ತದೆ. ನನ್ನ ಗೆಳತಿಯೊಬ್ಬಳಿಗೆ ಹಾಗಾಯಿತು. ತಾನು ಅಳೆದು ತಂದ ಅಂಕಿಗಳ ಮೇಲೆ ಬೇರೆಯವರ ಹೆಸರು ಕಂಡಾಗ ಅವಳು ಜಗಳವಾಡಲಿಲ್ಲ. ಆಮೇಲೆ ಯಾರಿಗೂ ಏನನ್ನೂ ತೋರಿಸಲಿಲ್ಲ, ಅಷ್ಟೇ. ಅವಳ ಕೆಲಸ ಅಲ್ಲಿಗೆ ನಿಂತಿತು. ನಿನ್ನ ಸಾಲು ಓದಿದಾಗ ಮೊದಲು ಕಣ್ಣ ಮುಂದೆ ಬಂದವಳು ಅವಳೇ.

ಎರಡನೆಯವರು ನನ್ನ ಹಿರಿಯ ವೈದ್ಯರು. ಅವರ ಕೈಕೆಳಗೆ ನಾನು ಕೆಲಸ ಕಲಿತದ್ದು ನಿಮಗೆಲ್ಲ ಗೊತ್ತು. ಅವರ ರಿಜಿಸ್ಟರುಗಳಿಗೆ ಏನಾಯಿತು ಎಂಬುದನ್ನು ಮಾತ್ರ ನಾನು ಮನೆಯಲ್ಲಿ ಹೇಳಿಲ್ಲ. ಅವರು ಒಂದೇ ಗುಂಪಿನ ವೃದ್ಧರನ್ನು ವರ್ಷ ವರ್ಷವೂ ಕರೆಸಿಕೊಳ್ಳುತ್ತಿದ್ದರು. ನಡಿಗೆಯ ವೇಗ, ಕೈಹಿಡಿತದ ಬಲ, ಕೈಯೂರದೆ ಕುರ್ಚಿಯಿಂದ ಏಳಲು ಹಿಡಿಯುವ ಹೊತ್ತು, ಎಲ್ಲವನ್ನೂ ತಮ್ಮದೇ ಗುರುತುಗಳಲ್ಲಿ ಬರೆದಿಡುತ್ತಿದ್ದರು. ಕೆಂಪು ಶಾಯಿಯ ಸೊನ್ನೆ ಎಂದರೆ ಆ ವ್ಯಕ್ತಿ ಬರಲಿಲ್ಲವೋ, ಬಂದರೂ ಏಳಲು ಆಗಲಿಲ್ಲವೋ, ತೀರಿಕೊಂಡರೋ, ಅವರೊಬ್ಬರಿಗೇ ಗೊತ್ತು. ಗುರುತುಗಳ ಅರ್ಥವನ್ನಾದರೂ ಒಂದು ಕಡೆ ಬರೆದಿಡಿ ಎಂದು ಕೇಳಿಕೊಂಡೆ. ‘ಅದನ್ನೂ ಕೊಟ್ಟರೆ ನನ್ನದು ಎಂದು ಏನಮ್ಮ ಉಳಿಯುತ್ತದೆ?’ ಎಂದರು. ನಿನ್ನದೇ ಮಾತು, ಪುಟ್ಟಿ. ಹೆಚ್ಚುಕಡಿಮೆ ಅದೇ ಪದಗಳು. ನಿನ್ನ ಕಾಗದವನ್ನು ಆ ಸಾಲಿನಲ್ಲಿಯೇ ಮಡಚಿಟ್ಟು ನಾನು ಬಹಳ ಹೊತ್ತು ಕುಳಿತದ್ದು ಇದಕ್ಕೇ.

ಅವರು ಹೋದ ಮೇಲೆ ಕೋಣೆ ಬೇರೆಯವರಿಗೆ ಬೇಕಾಯಿತು. ರಿಜಿಸ್ಟರುಗಳು ರದ್ದಿಗೆ ಹೋದವು. ಉಳಿಸಿಕೊಂಡಿದ್ದರೂ ಓದಬಲ್ಲವರು ಯಾರೂ ಇರಲಿಲ್ಲ. ಅವರ ಹೆಸರು ಹೋಯಿತು ಎಂಬ ದುಃಖ ನನಗೆ ಅಷ್ಟಿಲ್ಲ. ಕೋಲೂರಿಕೊಂಡು, ಬಿಸಿಲಿನಲ್ಲಿ, ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಬಂದು ಅಷ್ಟೆಲ್ಲ ಕಷ್ಟಪಟ್ಟು ಎದ್ದು ಕುಳಿತು ತೋರಿಸಿದ ಆ ಹಿರಿಯರು ನೆನಪಾಗುತ್ತಾರೆ. ‘ಇದರಿಂದ ಮುಂದಿನವರಿಗೆ ಒಳ್ಳೆಯದಾಗುತ್ತದೆಯಾ?’ ಎಂದು ಒಬ್ಬ ಅಜ್ಜಿ ನನ್ನನ್ನು ಕೇಳಿದ್ದರು. ಆಗುತ್ತದೆ ಎಂದು ನಾನೇ ಮಾತು ಕೊಟ್ಟಿದ್ದೆ.

ಈಗ ಆ ಅಜ್ಜಿಯ ಜಾಗದಲ್ಲಿ ನಾನಿದ್ದೇನೆ. ಈಚೆಗೆ ಸಮೀಕ್ಷೆಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಕೈಗೆ ಕೊಟ್ಟು ಹಿಚುಕಿಸಿದಳು. ಹತ್ತು ಪದ ಓದಿ ಹೇಳಿ, ಬೇರೆ ಮಾತಾಡಿಸಿ, ಆಮೇಲೆ ನೆನಪಿರುವಷ್ಟನ್ನು ಹೇಳಿ ಎಂದಳು. ಒಂಟಿ ಎನ್ನಿಸುತ್ತದೆಯೇ ಎಂದೂ ಕೇಳಿದಳು. ನಿನ್ನ ಅಮ್ಮನಿಗೂ ಹೇಳದ ಉತ್ತರವನ್ನು ಆ ಅಪರಿಚಿತ ಹುಡುಗಿಗೆ ಹೇಳಿದೆ. ಹೇಳಿದ ಮೇಲೆ, ಇದು ಎಲ್ಲಿಗೆ ತಲುಪುತ್ತದೆ ಎಂಬ ಯೋಚನೆ ಹತ್ತಿತು. ಯಾರದೋ ಬೀರುವಿನಲ್ಲಿ ಕೂರುವುದಾದರೆ ನಾನು ಹೇಳುತ್ತಿರಲಿಲ್ಲ. ನಿನ್ನ ಹಿರಿಯರೂ ಹಾಗೆಯೇ ನಂಬಿ ಹೇಳಿರುತ್ತಾರಲ್ಲವೇ? ನಿನ್ನ ದುಡಿಮೆ ನಿನ್ನದು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಅದರೊಳಗೆ ಅವರ ಕೊನೆಯ ವರ್ಷಗಳಿವೆ.

ನಮ್ಮ ವಿಷಯದ ಕಷ್ಟವೇ ಬೇರೆ. ಕೇಳುವ ಪ್ರಶ್ನೆಯ ಆಯುಷ್ಯ ಕೇಳಿದವರ ಆಯುಷ್ಯಕ್ಕಿಂತ ಉದ್ದ. ಒಂದೇ ಗುಂಪಿನ ಜನರ ಮುಪ್ಪನ್ನು ವರ್ಷಗಟ್ಟಲೆ ಗಮನಿಸುವ ಅಮೆರಿಕದ ಬಾಲ್ಟಿಮೋರ್ ಅಧ್ಯಯನ ಶುರುವಾದದ್ದು 1958ರಲ್ಲಿ, ಅರುವತ್ತು ವರ್ಷ ದಾಟಿಯೂ ನಡೆದಿದೆ. ಶುರುಮಾಡಿದವರಿಂದ ಇನ್ನೊಬ್ಬರ ಕೈಗೆ, ಅವರಿಂದ ಮತ್ತೊಬ್ಬರ ಕೈಗೆ ಬಂದಿರುವುದರಿಂದಲೇ ಅದು ಉಳಿದಿದೆ. ಅದರಲ್ಲಿ ಮೊದಲು ಗಂಡಸರನ್ನು ಮಾತ್ರ ಸೇರಿಸಿಕೊಂಡಿದ್ದರು. ಹೆಂಗಸರು ಸೇರಿದ್ದು 1978ರಲ್ಲಿ. ಅಷ್ಟು ಕಾಲ ಅಲ್ಲಿ ಮುಪ್ಪು ಎಂದರೆ ಗಂಡಸಿನ ಮುಪ್ಪು. ಇದು ನನ್ನನ್ನು ತುಂಬ ಕಾಡಿದ ಸಂಗತಿ. ಗುಂಪಿನಲ್ಲಿ ಇಲ್ಲದವರು ಅರಿವಿನಲ್ಲೂ ಇರುವುದಿಲ್ಲ. ನೀನು ಕೊಡದಿದ್ದರೆ ಜಾಲ ನಿಲ್ಲುವುದಿಲ್ಲ. ಶಾಲೆಯ ಮುಖ ಕಾಣದ ನಿನ್ನ ಅಧ್ಯಯನದ ಅಜ್ಜಿಯರನ್ನು ಬಿಟ್ಟು ಅದು ಮುಂದೆ ಹೋಗುತ್ತದೆ, ಅವರಿಲ್ಲದೆಯೇ ತೀರ್ಮಾನಗಳನ್ನು ಬರೆಯುತ್ತದೆ.

ಅವರ ವಿಷಯ ಬಂದಾಗ ಮರೆಗುಳಿತನದ ಸಂಶೋಧಕರ 10/66 ಗುಂಪು ನೆನಪಾಗುತ್ತದೆ. ನೀನು ಅವರ ಪ್ರಬಂಧಗಳನ್ನು ಓದಿರುತ್ತೀಯೆ, ಅವರು ಒಟ್ಟುಗೂಡಿದ ಬಗೆಯನ್ನು ಮಾತ್ರ ಹೇಳುತ್ತೇನೆ. 1998ರಲ್ಲಿ ಕೊಚ್ಚಿಯ ಸಮ್ಮೇಳನವೊಂದರಲ್ಲಿ ಅದು ಹುಟ್ಟಿತು. ಮರೆಗುಳಿತನದ ರೋಗಿಗಳಲ್ಲಿ ಶೇಕಡ 66ರಷ್ಟು ಜನ ಅಭಿವೃದ್ಧಿಶೀಲ ದೇಶಗಳಲ್ಲಿದ್ದರೂ ಜನಸಮುದಾಯದಲ್ಲಿ ನಡೆಯುವ ಸಂಶೋಧನೆಯಲ್ಲಿ ಶೇಕಡ 10ರಷ್ಟೂ ಅವರ ಪಾಲಿಗೆ ಬರುತ್ತಿರಲಿಲ್ಲ. ಹೆಸರು ಬಂದದ್ದು ಅಲ್ಲಿಂದ. ಆಗ ಬಳಕೆಯಲ್ಲಿದ್ದ ಪರೀಕ್ಷೆಗಳಲ್ಲಿ ‘ಒಂದು ವಾಕ್ಯ ಬರೆಯಿರಿ’ ಎಂಬಂಥ ಪ್ರಶ್ನೆಗಳಿದ್ದವು. ಪೆನ್ಸಿಲ್ ಹಿಡಿಯದ ಕೈಗೆ ಅದನ್ನು ಕೊಟ್ಟರೆ ತಿಳಿಯುವುದು ಅವರ ಓದು, ನೆನಪಲ್ಲ. ಚೆನ್ನಾಗಿರುವ ಅಜ್ಜಿಯೂ ರೋಗಿಯಾಗಿ ದಾಖಲಾಗುತ್ತಿದ್ದರು. ಭಾರತ, ಚೀನಾ, ಲ್ಯಾಟಿನ್ ಅಮೆರಿಕ, ಆಫ್ರಿಕಾ ಎಂದು 25 ಕೇಂದ್ರಗಳವರು ಸೇರಿ, ಮನೆಯವರನ್ನೂ ಕೇಳಿ ತಿಳಿದು, ಓದಿದವರಿಗೂ ಓದದವರಿಗೂ ಸಮನಾಗಿ ಹೊಂದುವ ವಿಧಾನವನ್ನು ರೂಪಿಸಿ 2003ರಲ್ಲಿ ಪ್ರಕಟಿಸಿದರು. ಒಂದೇ ಕೇಂದ್ರ ಎಷ್ಟೇ ಜಾಣತನದಿಂದ ದುಡಿದಿದ್ದರೂ ಇದನ್ನು ಸಾಬೀತುಮಾಡಲು ಆಗುತ್ತಿರಲಿಲ್ಲ. ಬೇರೆ ಬೇರೆ ಕಡೆ ಒಂದೇ ಉತ್ತರ ಬಂದಾಗಲೇ ಅದಕ್ಕೆ ಬೆಲೆ.

ಹೀಗೆ ಬರೆಯುತ್ತಾ ಹೋದರೆ ನಿನಗೆ ಪಾಠ ಹೇಳಿದಂತಾಗುತ್ತದೇನೋ. ಆದರೂ ಹುಳುಗಳದ್ದೊಂದನ್ನು ಹೇಳದೆ ಬಿಡಲಾರೆ, ನಿನ್ನ ಪ್ರಶ್ನೆಗೆ ನನಗೆ ಸಿಕ್ಕ ಅರ್ಧ ಉತ್ತರ ಅದರಲ್ಲಿದೆ. ಒಂದು ಮಿಲಿಮೀಟರ್ ಉದ್ದದ, ಎರಡು ಮೂರು ವಾರ ಬದುಕುವ ಸಿ. ಎಲಿಗನ್ಸ್ ಹುಳು ನಿನಗೆ ಗೊತ್ತು. ಯಾವ ಔಷಧಿ ಅದರ ಆಯುಷ್ಯ ಹೆಚ್ಚಿಸುತ್ತದೆ ಎಂದು ನೋಡಲು ಮೂರು ಪ್ರಯೋಗಾಲಯಗಳು ಒಪ್ಪಂದ ಮಾಡಿಕೊಂಡವು. ಅದೇ ಹುಳು, ಅದೇ ವಿಧಾನ. ಆದರೂ ಉತ್ತರಗಳು ಹೊಂದಲಿಲ್ಲ. ಹುಡುಕಿ ನೋಡಿದರೆ ಒಂದು ಕಡೆ ಮೊಟ್ಟೆಯಿಟ್ಟಾಗಿನಿಂದ ವಯಸ್ಸು ಎಣಿಸುತ್ತಿದ್ದರು, ಇನ್ನೊಂದು ಕಡೆ ಮೊಟ್ಟೆಯೊಡೆದು ಹೊರಬಂದಾಗಿನಿಂದ. ಹುಳುವನ್ನು ಎಷ್ಟು ನಾಜೂಕಾಗಿ ಎತ್ತುತ್ತಾರೆ ಎಂಬುದೂ ಕೈಯಿಂದ ಕೈಗೆ ಬೇರೆಯಾಗಿತ್ತು. ಅವರು 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನೆಲ್ಲ ಬಿಚ್ಚಿ ಬರೆದರು. ಇಲಿಗಳಲ್ಲೂ ಮೂರು ಕಡೆ ಒಟ್ಟಿಗೆ ಪರೀಕ್ಷಿಸುವ ಕ್ರಮವಿದೆ. 600 ದಿನ ದಾಟಿದ ಮುದಿ ಇಲಿಗಳಿಗೆ ಕೊಟ್ಟರೂ ರಾಪಮೈಸಿನ್ ಎಂಬ ಔಷಧಿ ಆಯುಷ್ಯ ಹೆಚ್ಚಿಸುತ್ತದೆ ಎಂದು 2009ರಲ್ಲಿ ತಿಳಿದಾಗ ಜಗತ್ತು ನಂಬಿದ್ದು ಮೂರೂ ಕಡೆ ಅದೇ ಕಂಡದ್ದಕ್ಕೆ.

ಹುಳುವಿನ ವಿಷಯದಲ್ಲೇ ಹೀಗಾದರೆ ಮನುಷ್ಯರ ಗತಿ ಏನು? ನೀನು ಹಿಡಿತದ ಬಲ ಅಳೆಯುವಾಗ ಹಿರಿಯರು ಕುಳಿತಿದ್ದರೋ ನಿಂತಿದ್ದರೋ, ಎರಡು ಕೈಗಳಲ್ಲಿ ಯಾವುದರ ಅಂಕಿ ತೆಗೆದುಕೊಂಡೆ, ನಡಿಗೆಯನ್ನು ಕೋಲಿನ ಜೊತೆ ಅಳೆದೆಯೋ ಬಿಡಿಸಿಯೋ, ಇದು ತಿಳಿಯದೆ ನಿನ್ನ ಅಂಕಿಗಳನ್ನು ಯಾರೂ ಇನ್ನೊಂದರ ಪಕ್ಕ ಇಡಲಾರರು. ಜಾಲ ಎಂದರೆ ಮೊದಮೊದಲು ಇಂಥ ಜಗಳಗಳೇ. ಆ ಜಗಳದಲ್ಲಿ ನೀನು ಬೇಕೇ ಬೇಕು. ಅಂಕಿಗಳನ್ನು ಕದಿಯಬಹುದು, ಅವು ಹುಟ್ಟಿದ ಬಗೆ ಗೊತ್ತಿರುವವಳು ನೀನೊಬ್ಬಳೇ.

ಅದನ್ನೂ ಬರೆದುಕೊಟ್ಟರೆ ಆಮೇಲೆ ಏನು ಉಳಿಯುತ್ತದೆ ಎಂದು ನೀನು ಮತ್ತೆ ಅಲ್ಲಿಗೇ ಬರುತ್ತೀಯೆ. ನಾನೂ ಬಂದೆ. ಯೋಚಿಸಿದಷ್ಟೂ ನನಗೆ ಕಂಡದ್ದು ನೀನು ಅಳೆಯಲು ಹೋಗಿಬರುವ ಆ ಮನೆಗಳು. ವರ್ಷಗಟ್ಟಲೆ ನಡೆಯುವ ಅಧ್ಯಯನಗಳಲ್ಲಿ ಜನ ಕಳಚಿಕೊಳ್ಳುತ್ತಾರೆ, ಅದರಲ್ಲೂ ಹೆಚ್ಚು ಕಾಯಿಲೆಯಿದ್ದವರೇ ಮೊದಲು. ಉಳಿದವರನ್ನಷ್ಟೇ ಅಳೆದರೆ ಮುಪ್ಪು ಇರುವುದಕ್ಕಿಂತ ಗಟ್ಟಿಮುಟ್ಟಾಗಿ ಕಾಣುತ್ತದೆ. ಮುಂದಿನ ಸುತ್ತಿಗೆ ಹೊಸ ಮುಖ ಹೋದರೆ ಹಾಸಿಗೆ ಹಿಡಿದವರ ಮನೆಯವರು ‘ಈಗ ಬೇಡ’ ಎನ್ನುತ್ತಾರೆ. ನೀನು ಹೋದರೆ ಒಳಗೆ ಕರೆಯುತ್ತಾರೆ. ಅದನ್ನು ಯಾವ ಒಪ್ಪಂದದಿಂದಲೂ ಇನ್ನೊಬ್ಬರ ಹೆಸರಿಗೆ ಬರೆದುಕೊಡಲಾಗದು. ಇಷ್ಟು ಹೇಳಿದರೂ ನಿನ್ನ ಭಯ ಪೂರ್ತಿ ಹೋಗುತ್ತದೆ ಎಂದು ನಾನು ಅಂದುಕೊಂಡಿಲ್ಲ. ನನ್ನ ಗೆಳತಿಗೂ ಅಂಥ ಮನೆಗಳ ಬಾಗಿಲುಗಳು ತೆರೆದೇ ಇದ್ದವು, ಆದರೂ ಅವಳು ಕೆಲಸ ಬಿಟ್ಟಳು. ಅದಕ್ಕೇ ಇನ್ನು ಕೆಲವು ಮಾತು. ಈಗಿನ ನಿಯಮಗಳು ನಿನಗೇ ಹೆಚ್ಚು ಗೊತ್ತಿರಬಹುದು, ಹಳಬಳ ಮಾತು ಎಂದು ಸಹಿಸಿಕೊಂಡು ಓದು.

ಬಾಯಿಮಾತಿನ ಮೇಲೆ ಏನನ್ನೂ ಕಳುಹಿಸಬೇಡ. ದತ್ತಾಂಶವನ್ನು ಯಾರು, ಯಾವ ಪ್ರಶ್ನೆಗೆ, ಎಷ್ಟು ಕಾಲ ಬಳಸಬಹುದು ಎಂದು ಬರಹದಲ್ಲಿ ಇರಲಿ. ನಿನ್ನ ಮುಖ್ಯ ಪ್ರಬಂಧ ಬರುವವರೆಗೆ ಆ ಪ್ರಶ್ನೆಯನ್ನು ನಿನಗೇ ಬಿಡಬೇಕು ಎಂದು ಕೇಳು. ಇದು ದುರಾಸೆಯಲ್ಲ, ಎಲ್ಲರೂ ಕೇಳುತ್ತಾರೆ. ಲೇಖಕರು ಯಾರು ಎಂಬ ಮಾತನ್ನು ಪ್ರಬಂಧ ಬರೆದಾದ ಮೇಲಲ್ಲ, ಬರೆಯುವ ಮೊದಲೇ ಎತ್ತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಲ್ಲಿ ದತ್ತಾಂಶ ಸಂಗ್ರಹವೂ ಲೇಖಕತ್ವಕ್ಕೆ ಆಧಾರವಾಗುವ ಕೊಡುಗೆಯೇ, ಆದರೆ ಬರವಣಿಗೆಯಲ್ಲಿ ಅಥವಾ ತಿದ್ದುವುದರಲ್ಲಿ ಪಾಲು ಇರಬೇಕು, ಕೊನೆಯ ಕರಡಿಗೆ ಒಪ್ಪಿಗೆ ಇರಬೇಕು, ಹೊಣೆಯನ್ನೂ ಹೊರಬೇಕು. ಹಾಗಾಗಿ ಕಡತ ಕೊಟ್ಟು ಮನೆಗೆ ಬರಬೇಡ, ಕರಡು ಬರೆಯುವ ಮೇಜಿಗೆ ಕೂರು. ಪ್ರಶ್ನೆಗಳನ್ನು ಆರಿಸುವ ಸಮಿತಿಯಲ್ಲಿ ಜಾಗ ಕೇಳಿದರೆ ಇನ್ನೂ ಒಳ್ಳೆಯದು.

ಇನ್ನೊಂದು, ಇದನ್ನು ಮೊದಲೇ ಹೇಳಬೇಕಿತ್ತು. ಹಿರಿಯರಿಂದ ನೀನು ಪಡೆದ ಒಪ್ಪಿಗೆ ಪತ್ರದಲ್ಲಿ ಬೇರೆಯವರೊಂದಿಗೆ ಹಂಚಿಕೊಳ್ಳುವ ಮಾತಿದೆಯೇ, ನೋಡು. ಇಲ್ಲದಿದ್ದರೆ ನೈತಿಕ ಸಮಿತಿಯನ್ನು ಕೇಳದೆ ಹೆಜ್ಜೆಯಿಡಬೇಡ. ಹೆಸರು ತೆಗೆದರೆ ಸಾಲದು. ಸಣ್ಣ ಊರಿನಲ್ಲಿ ನೂರು ದಾಟಿದವರು ಒಬ್ಬರೇ ಇದ್ದರೆ ಅವರ ವಯಸ್ಸೇ ಅವರ ಹೆಸರು.

ನಿನ್ನ ಕಡತದ ಗುರುತುಗಳ ಅರ್ಥಸೂಚಿಯನ್ನು ಇವತ್ತಿನಿಂದಲೇ ಬರೆಯತೊಡಗು. ಜಾಲಕ್ಕೆ ಸೇರಿದರೂ ಸರಿ, ಸೇರದಿದ್ದರೂ ಸರಿ. ಇದೊಂದನ್ನು ಸಲಹೆ ಎಂದುಕೊಳ್ಳಬೇಡ, ನನ್ನ ಬೇಡಿಕೆ ಎಂದುಕೋ. ಖಾಲಿ ಬಿಟ್ಟ ಜಾಗ ಯಾವುದು, ಸೊನ್ನೆ ಯಾವುದು, ಉತ್ತರ ಹೇಳಲು ಮನಸ್ಸಿಲ್ಲದವರು ಯಾರು, ನೆನಪಿಲ್ಲದವರು ಯಾರು, ಎಲ್ಲವೂ ಬೇರೆ ಬೇರೆಯಾಗಿ ಇರಲಿ.

ಒಪ್ಪಂದದ ಕರಡು ಬಂದಾಗ ಸಹಿ ಹಾಕುವ ಮುಂಚೆ ನನಗೊಂದು ಪ್ರತಿ ಕಳುಹಿಸು, ಅಕ್ಷರ ಸ್ವಲ್ಪ ದೊಡ್ಡದಿರಲಿ. ಗೆಳತಿಗೂ ತೋರಿಸುತ್ತೇನೆ, ಮೋಸ ಎಲ್ಲಿ ಅಡಗಿರುತ್ತದೆ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿಯವರೆಗೆ ಜಾಲದವರಿಗೆ ‘ಆಗುವುದಿಲ್ಲ’ ಎಂದು ಮಾತ್ರ ಬರೆಯಬೇಡ.

ಇಂತಿ,
ನಿನ್ನ ದೊಡ್ಡಮ್ಮ