ಲ್ಯಾಬ್ ಟೆಂಡರಿನಲ್ಲಿ ರಿಪೇರಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಕಂಪ್ಯೂಟರ್ ಅಸೆಂಬಲ್ ಮಾಡಿ ಮಾರುತ್ತಿದ್ದ ಹಳೆಯ ಅಂಗಡಿಯೊಂದು ಈಚೆಗೆ ಬಾಗಿಲು ಹಾಕಿತು. ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಲ್ಯಾಬ್‌ನಲ್ಲಿ ಬೇಸಿಗೆ ಬಂತೆಂದರೆ ಎಸ್‌ಎಂಪಿಎಸ್ (ಯಂತ್ರದೊಳಗೆ ವಿದ್ಯುತ್ ಪೂರೈಸುವ ಭಾಗ) ಸುಡುವುದು, ಕರೆಂಟಿನ ಏರಿಳಿತಕ್ಕೆ ಯುಪಿಎಸ್ ಕೈಕೊಡುವುದು ಮಾಮೂಲಾಗಿತ್ತು. ಫೋನು ಮಾಡಿದ ದಿನವೇ ಬಂದು ಸರಿಪಡಿಸುತ್ತಿದ್ದವರು ಆ ಅಂಗಡಿಯವರು. ಅವರ ದರ ಆನ್‌ಲೈನಿಗಿಂತ ತುಸು ಹೆಚ್ಚೇ ಇತ್ತೆಂಬುದನ್ನು ಒಪ್ಪುತ್ತೇನೆ. ದರವೊಂದನ್ನೇ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಾಂಪ್‌ಯುಎಸ್‌ಎ ಕಂಪ್ಯೂಟರ್ ಮಳಿಗೆಗಳ ಕಥೆಯನ್ನು ನೆನೆಯಬೇಕು.

1984ರಲ್ಲಿ ಟೆಕ್ಸಾಸ್‌ನ ಡಲ್ಲಾಸ್ ಪ್ರದೇಶದಲ್ಲಿ ಸಾಫ್ಟ್ ವೇರ್‌ಹೌಸ್ ಎಂದು ಆರಂಭವಾಗಿ 1991ರಲ್ಲಿ ಹೆಸರು ಬದಲಿಸಿಕೊಂಡ ಆ ಸಂಸ್ಥೆ, ಗೋದಾಮಿನಷ್ಟು ವಿಶಾಲವಾದ ಮಳಿಗೆಗಳಲ್ಲಿ ಪ್ರಿಂಟರ್‌ನಿಂದ ಫ್ಲಾಪಿಯವರೆಗೆ ಎಲ್ಲವನ್ನೂ ಕಡಿಮೆ ದರಕ್ಕೆ ಮಾರಿ ಬೆಳೆಯಿತು. 1998ರಲ್ಲಿ ಪ್ರತಿಸ್ಪರ್ಧಿ ಕಂಪ್ಯೂಟರ್ ಸಿಟಿಯನ್ನೂ ಕೊಂಡಿತು. 2000ದಲ್ಲಿ ಮೆಕ್ಸಿಕೊದ ಉದ್ಯಮಿ ಕಾರ್ಲೊಸ್ ಸ್ಲಿಮ್ ಅವರ ಸಮೂಹ ಸುಮಾರು 80 ಕೋಟಿ ಡಾಲರ್ ತೆತ್ತು ಅದನ್ನು ಖರೀದಿಸಿತು. ಆದರೆ 1984ರಲ್ಲೇ, ಅದೇ ಟೆಕ್ಸಾಸ್‌ನಲ್ಲಿ ಹುಟ್ಟಿದ್ದ ಕಂಪ್ಯೂಟರ್ ಕಂಪನಿ ಡೆಲ್, ಅಂಗಡಿಯ ಬಾಡಿಗೆಯ ಗೊಡವೆಯಿಲ್ಲದೆ ನೇರವಾಗಿ ಗ್ರಾಹಕರ ಮನೆಗೇ ಯಂತ್ರ ಕಳುಹಿಸುತ್ತಿತ್ತು. ಇನ್ನೊಂದೆಡೆ ಬೆಸ್ಟ್ ಬೈ, ವಾಲ್‌ಮಾರ್ಟ್‌ನಂಥ ದೊಡ್ಡ ಚಿಲ್ಲರೆ ಮಳಿಗೆಗಳೂ ದರ ಇಳಿಸಿದವು. ಅಗ್ಗವನ್ನೇ ಬಂಡವಾಳ ಮಾಡಿಕೊಂಡಿದ್ದ ಮಳಿಗೆಗೆ ತನ್ನದೆನ್ನಲು ಬೇರೇನೂ ಉಳಿಯಲಿಲ್ಲ. 2007ರ ಆರಂಭದಲ್ಲಿ 126 ಮಳಿಗೆಗಳನ್ನು ಮುಚ್ಚುವುದಾಗಿ ಪ್ರಕಟಿಸಿ, ಅದೇ ಡಿಸೆಂಬರ್‌ನಲ್ಲಿ ಉಳಿದವನ್ನೂ ಕೈಬಿಟ್ಟಿತು.

ಅದೇ 2007ರಲ್ಲಿ ಸರ್ಕ್ಯೂಟ್ ಸಿಟಿ ಎಂಬ ಇನ್ನೊಂದು ಎಲೆಕ್ಟ್ರಾನಿಕ್ಸ್ ಮಾರಾಟ ಸಂಸ್ಥೆ, ಸಂಬಳ ಹೆಚ್ಚಾಯಿತೆಂದು ಸುಮಾರು 3,400 ನೌಕರರನ್ನು ಮನೆಗೆ ಕಳುಹಿಸಿತು. ಎರಡೇ ವರ್ಷದಲ್ಲಿ ಅದರ ಮಳಿಗೆಗಳೂ ಮುಚ್ಚಿದವು. 1979ರಲ್ಲಿ ಒಹಾಯೊದಲ್ಲಿ ಶುರುವಾದ ಮೈಕ್ರೊ ಸೆಂಟರ್ ಎಂಬ ಕಂಪ್ಯೂಟರ್ ಮಳಿಗೆ ಮಾತ್ರ ಇಂದಿಗೂ ನಡೆಯುತ್ತಿದೆ. ಬಿಡಿಭಾಗಗಳನ್ನು ಬಲ್ಲ ಸಿಬ್ಬಂದಿಯನ್ನು ಅದು ಉಳಿಸಿಕೊಂಡದ್ದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ನಮ್ಮ ಸರ್ಕಾರಿ ಖರೀದಿಯಲ್ಲಿ ಈ ತಿಳಿವಳಿಕೆಗೆ ಬೆಲೆಯೇ ಸಿಗುತ್ತಿಲ್ಲ. ಕನಿಷ್ಠ ದರ ನಮೂದಿಸಿದ ಹೊರಜಿಲ್ಲೆಯ ಗುತ್ತಿಗೆದಾರರಿಂದ ನಮ್ಮ ಕಾಲೇಜು ಕೊಂಡ ಯಂತ್ರಗಳಲ್ಲಿ ಎಂಟು, ಬೆಂಗಳೂರಿನಿಂದ ಎಂಜಿನಿಯರ್ ಬರುವರೆಂದು ಕಾಯುತ್ತ ಒಂದು ಸೆಮಿಸ್ಟರ್ ಪೂರ್ತಿ ಕವರ್ ಹೊದ್ದು ಕೂತವು. ಅಫಜಲಪುರ, ಸೇಡಂ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಿದ್ದ, ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳು ಒಂದೊಂದು ಯಂತ್ರದ ಮುಂದೆ ನಾಲ್ವರಂತೆ ನಿಂತು ಪ್ರಾಕ್ಟಿಕಲ್ ಮುಗಿಸಿದ್ದನ್ನು ನಾನು ಮರೆತಿಲ್ಲ.

ಆದ್ದರಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಶಾಲಾ ಕಾಲೇಜುಗಳಿಗೆ ಕಂಪ್ಯೂಟರ್ ಕೊಳ್ಳುವಾಗ, ಪೂರೈಕೆದಾರರು ಜಿಲ್ಲೆಯೊಳಗೇ ರಿಪೇರಿ ವ್ಯವಸ್ಥೆ ಹಾಗೂ ಬಿಡಿಭಾಗಗಳ ದಾಸ್ತಾನು ಹೊಂದಿರಬೇಕು, ದೂರು ಕೊಟ್ಟ ಮೂರು ದಿನದೊಳಗೆ ಯಂತ್ರ ಸರಿಪಡಿಸಬೇಕು ಎಂಬ ಷರತ್ತುಗಳನ್ನು ಟೆಂಡರಿನಲ್ಲಿ ಕಡ್ಡಾಯಗೊಳಿಸಬೇಕೆಂದು ಮಂಡಳಿಯನ್ನೂ ಜಿಲ್ಲಾಡಳಿತವನ್ನೂ ಕೋರುತ್ತೇನೆ.

— ಒಬ್ಬ ನಿವೃತ್ತ ಉಪನ್ಯಾಸಕ, ಕಲಬುರಗಿ