ಕೋಲಾರದಲ್ಲೂ ಒಂದು ಟ್ರಯಥ್ಲಾನ್ ಆಗಲಿ, ಅದರ ದುಡ್ಡು ಮಕ್ಕಳ ಈಜಿಗೆ ಹೋಗಲಿ

ಸಂಪಾದಕರಿಗೆ ನಮಸ್ಕಾರ,

ಕೋಲಾರ ಜಿಲ್ಲೆಯಲ್ಲಿ ಒಂದು ಸಹಾಯಾರ್ಥ ಟ್ರಯಥ್ಲಾನ್ ನಡೆಯಬೇಕು. ಅದರಲ್ಲಿ ಕೂಡಿದ ದುಡ್ಡು ನಮ್ಮ ಹಳ್ಳಿ ಮಕ್ಕಳಿಗೆ ಈಜು ಕಲಿಸುವುದಕ್ಕೆ ಹೋಗಬೇಕು. ಇದನ್ನು ಕೇಳುವುದಕ್ಕೇ ಈ ಪತ್ರ. ನಾನು ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು. ಬಡ ಮಕ್ಕಳ ಹೃದಯ ಚಿಕಿತ್ಸೆಗೆ ದುಡ್ಡು ಕೂಡಿಸಲು ಬೆಂಗಳೂರಿನ ಕಡೆ ನಡೆದ ಇಂಥದ್ದೇ ಒಂದು ಸ್ಪರ್ಧೆಯಲ್ಲಿ ಈಚೆಗೆ ಭಾಗವಹಿಸಿ ಬಂದೆ. ಬಂದಾಗಿನಿಂದ ಇದೇ ತಲೆಯಲ್ಲಿ ಕೂತಿದೆ.

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ನಡುವೆ ನಿಲ್ಲದೆ ಮುಗಿಸುವುದು. 2000ರ ಸಿಡ್ನಿ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಅಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನಾನು ಮಾಡಿದ್ದು ಅದರ ಅರ್ಧ, ಸ್ಪ್ರಿಂಟ್ ಅಂತಾರೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಈಜನ್ನೇ ಮೊದಲು ಇಡುತ್ತಾರೆ, ಯಾಕಂದರೆ ಕೈಕಾಲು ಸೋತ ಮೇಲೆ ನೀರಿಗೆ ಇಳಿಯುವುದು ಅಪಾಯ. ತೋಳಿನ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆಯುತ್ತಾರೆ. ನೀರಿನಿಂದ ಎದ್ದವರು ಒದ್ದೆ ಮೈಯಲ್ಲೇ ಬರಿಗಾಲಲ್ಲಿ ಸೈಕಲ್ ನಿಲ್ಲಿಸಿದ ಜಾಗಕ್ಕೆ ಓಡಬೇಕು, ಮೊದಲು ಹೆಲ್ಮೆಟ್ ಪಟ್ಟಿ ಹಾಕಿಕೊಂಡು ಆಮೇಲೇ ಸೈಕಲ್ ಮುಟ್ಟಬೇಕು. ಸೈಕಲ್ ಇಳಿದು ಓಡುವುದಕ್ಕೆ ಶುರು ಮಾಡಿದಾಗ ಮೊದಲ ಒಂದು ಕಿಲೋಮೀಟರ್ ಕಾಲು ನಮ್ಮದೇ ಅಲ್ಲ ಅನ್ನಿಸುತ್ತದೆ. ಆಮೇಲೆ ಸರಿಹೋಗುತ್ತದೆ.

ಓಟ, ಸೈಕಲ್ ಎರಡರಲ್ಲೂ ನಮ್ಮ ಜಿಲ್ಲೆಯವರು ಯಾರಿಗೂ ಕಡಿಮೆಯಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹೊರಗೆ ಬನ್ನಿ, ಪೊಲೀಸ್ ಮತ್ತು ಸೈನ್ಯದ ಆಯ್ಕೆಗೆ ತಯಾರಾಗುವ ಹುಡುಗರು ರಸ್ತೆ ಪಕ್ಕ ಓಡುತ್ತಿರುತ್ತಾರೆ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನೇ ಏರಿ ಮಣ್ಣು ರಸ್ತೆಯಲ್ಲಿ ಸ್ಕೂಲಿಗೆ ಬರುತ್ತಿದ್ದ ಹೆಣ್ಣುಮಕ್ಕಳನ್ನು ನೋಡಿದ್ದೇನೆ, ಏರಿನಲ್ಲಿ ಕೂಡ ಇಳಿಯುತ್ತಿರಲಿಲ್ಲ. ಆದರೆ ಈಜು? ನಮ್ಮ ಹೋಬಳಿ ಕ್ರೀಡಾಕೂಟಕ್ಕೆ ಕಬಡ್ಡಿ, ಖೋ ಖೋ, ರಿಲೇಗೆ ಮಕ್ಕಳು ನಾ ಮುಂದು ತಾ ಮುಂದು ಅಂತ ಬರುತ್ತಾರೆ. ಈಜಿಗೆ ಹೆಸರು ಕೊಟ್ಟ ಒಂದು ಮಗುವನ್ನೂ ನಾನು ಕಂಡಿಲ್ಲ.

ಮೊದಲು ಹೀಗಿರಲಿಲ್ಲ ಅಲ್ವಾ. ನಮ್ಮ ಅಪ್ಪನ ಕಾಲದವರು ಯಾರನ್ನೇ ಕೇಳಿ, ಈಜು ಬರಲ್ಲ ಅನ್ನುವ ಗಂಡಸು ಹಳ್ಳಿಯಲ್ಲಿ ಅಪರೂಪ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿಗಳಲ್ಲಿ ನೀರು ಕೈಗೆಟುಕುವಷ್ಟು ಮೇಲಿರುತ್ತಿತ್ತು. ಒಣಗಿದ ಸೋರೆ ಬುರುಡೆ ಸೊಂಟಕ್ಕೆ ಕಟ್ಟಿ, ಅಣ್ಣನೋ ಚಿಕ್ಕಪ್ಪನೋ ಹಗ್ಗ ಹಿಡಿದು ಮಕ್ಕಳನ್ನು ಬಾವಿಗೆ ಬಿಡುತ್ತಿದ್ದರು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬುರುಡೆ ಬಿಚ್ಚಿಯಾಗಿರುತ್ತಿತ್ತು. ಆಮೇಲೆ ಬೋರ್‌ವೆಲ್ ಬಂತು, ಬಾವಿಗಳೆಲ್ಲ ಬತ್ತಿದವು, ಕೆರೆ ಅಂಗಳದಲ್ಲಿ ಜಾಲಿ ಬೆಳೆಯಿತು. ಸಾವಿರ ಅಡಿ ದಾಟಿ ಕೊರೆದರೂ ಧೂಳು ಬರುತ್ತಿದ್ದ ಆ ವರ್ಷಗಳಲ್ಲಿ ಬೆಳೆದ ಮಕ್ಕಳಿಗೆ ಈಜು ಕಲಿಯುವುದಿರಲಿ, ತುಂಬಿದ ಕೆರೆ ನೋಡುವುದೇ ಗೊತ್ತಿರಲಿಲ್ಲ. ಆ ಮಕ್ಕಳು ಇವತ್ತು ಅಪ್ಪ ಅಮ್ಮ ಆಗಿದ್ದಾರೆ. ಅವರಿಗೇ ಬಾರದ ಈಜನ್ನು ಮಕ್ಕಳಿಗೆ ಹೇಗೆ ಕಲಿಸುತ್ತಾರೆ?

ಈಗ ನೀರು ವಾಪಸ್ ಬಂದಿದೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ನೀರು ಕೆರೆಗಳಿಗೆ ಹರಿಯುತ್ತಿದೆ. 2021ರ ಕೊನೆಯ ಮಳೆಗೆ ಎಷ್ಟೋ ಕೆರೆ ಕೋಡಿ ಬಿದ್ದವು. ತೋಟ ತೋಟದಲ್ಲೂ ಕೃಷಿ ಹೊಂಡ ಆಗಿದೆ. ಇದು ಸಂತೋಷದ ವಿಷಯವೇ, ಎರಡು ಮಾತಿಲ್ಲ. ಆದರೆ ನೀರು ಬಂತು, ಈಜು ಬರಲಿಲ್ಲ. ಹಾಗಾಗಿ ಬೇಸಿಗೆ ರಜೆ ಬಂದರೆ ನನಗೆ ಭಯ. ಮಕ್ಕಳು ನೀರಿನಲ್ಲಿ ಮುಳುಗಿ ಸತ್ತ ಸುದ್ದಿಗಳು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲೇ ಬರುತ್ತವೆ.

ಕೃಷಿ ಹೊಂಡದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಕೆರೆಗಿಂತ ಅದೇ ಜಾಸ್ತಿ ಮೋಸ. ನೋಡುವುದಕ್ಕೆ ಚಿಕ್ಕದು. ಆದರೆ ಸಾಮಾನ್ಯ ಹೊಂಡವೇ 3 ಮೀಟರ್ ಆಳ, ಅಂದರೆ ಹತ್ತು ಅಡಿ. ನೀರು ಇಂಗದಿರಲಿ ಅಂತ ನಾಲ್ಕೂ ಕಡೆ ದಪ್ಪ ಪ್ಲಾಸ್ಟಿಕ್ ಹಾಸಿರುತ್ತಾರೆ, ಅದರ ಮೇಲೆ ಪಾಚಿ ಕಟ್ಟಿರುತ್ತದೆ. ಕೆರೆಯಲ್ಲಾದರೆ ದಡದ ಹತ್ತಿರ ಕಾಲಿಗೆ ನೆಲ ಸಿಗುತ್ತದೆ, ಹಿಡಿಯುವುದಕ್ಕೆ ಗಿಡಗಂಟಿ ಇರುತ್ತದೆ. ಇಲ್ಲಿ ಇಳಿಜಾರಿನ ಪ್ಲಾಸ್ಟಿಕ್ ಮೇಲೆ ಕಾಲಿಟ್ಟರೆ ಜಾರುತ್ತದೆ, ಕೈಯಿಟ್ಟರೂ ಜಾರುತ್ತದೆ. ಈಜು ಬರುವ ದೊಡ್ಡವರಿಗೇ ಹತ್ತುವುದು ಕಷ್ಟ. ಒಂದು ಮಗು ಜಾರುತ್ತದೆ, ಅಣ್ಣ ಎಳೆಯಲು ಹೋಗುತ್ತಾನೆ, ಅಮ್ಮ ಅವನ ಹಿಂದೆ ಹಾರುತ್ತಾಳೆ. ಒಂದೇ ಮನೆಯಲ್ಲಿ ಎರಡು ಮೂರು ಜನ ಹೋಗುವುದು ಹೀಗೆ. ಕೃಷಿ ಭಾಗ್ಯ ಯೋಜನೆಯಲ್ಲಿ ಈಗ ಸುತ್ತ ತಂತಿ ಬೇಲಿಗೂ ಸಹಾಯಧನ ಇದೆ. ಆದರೂ ಬೇಲಿಯಿಲ್ಲದ ಹಳೆ ಹೊಂಡಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿವೆ. ದಪ್ಪ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಮೇಲೆ ಕಲ್ಲುಕಂಬಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟರೂ ಸಾಕು, ಒಂದು ಜೀವ ಉಳಿಯುತ್ತದೆ. ಪಕ್ಕದಲ್ಲಿ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎರಡು ಇಟ್ಟರೆ ಇನ್ನೂ ಒಳ್ಳೆಯದು. ದಯವಿಟ್ಟು ಹಾರಬೇಡಿ, ದಡದಲ್ಲೇ ಮಲಗಿಕೊಂಡು ಹಗ್ಗವೋ ಸೀರೆಯೋ ಪಂಚೆಯೋ ಎಸೆಯಿರಿ ಅಂತ ನಾನು ಮಕ್ಕಳಿಗೆ ಪ್ರಾರ್ಥನೆ ಸಮಯದಲ್ಲಿ ಹೇಳುತ್ತಲೇ ಇರುತ್ತೇನೆ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಇದು ಮೂರನೆಯದು. ಸ್ಕೂಲಿಗೆ ಹೋಗುವ ಮಕ್ಕಳಿಗೆ ಈಜು ಕಲಿಸಿ ಅಂತ ಆ ಸಂಸ್ಥೆಯೇ ಹೇಳುತ್ತಿದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೊಳದೊಳಗೆ ಬಿದಿರಿನ ಅಟ್ಟಣೆ ಕಟ್ಟಿ, ಅದರ ಮೇಲೆ ಮಕ್ಕಳನ್ನು ನಿಲ್ಲಿಸಿ ಕಲಿಸುತ್ತಾರೆ. ಕಡಿಮೆ ಖರ್ಚಿನ ಕೆಲಸ. ಪದಕ ಗೆಲ್ಲುವ ಈಜು ಬೇಡ. ಅಂಗಾತ ತೇಲುವುದು, ಉಸಿರು ಹಿಡಿಯುವುದು, ಇಪ್ಪತ್ತೈದು ಮೀಟರ್ ಹೇಗೋ ದಾಟಿ ದಡ ಸೇರುವುದು, ಇಷ್ಟು ಬಂದರೆ ಆಯಿತು.

ಇನ್ನು ಕೋಲಾರದಲ್ಲಿ ಟ್ರಯಥ್ಲಾನ್ ಮಾಡುವುದು ಹೇಗೆ ಅಂತ. ಈಜನ್ನು ಕೆರೆಯಲ್ಲಿ ಇಡಲೇಬಾರದು. ಕೆ.ಸಿ. ವ್ಯಾಲಿಯಿಂದ ಬರುವುದು ಎರಡನೇ ಹಂತದವರೆಗೆ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು. ಅಂತರ್ಜಲ ಏರಲಿ ಅಂತ ಕೆರೆಗೆ ಬಿಟ್ಟಿದ್ದೇ ಹೊರತು, ಜನ ಮುಳುಗಿ ಬಾಯಿಗೆ ಹೋಗುವ ನೀರು ಅದಲ್ಲ. ಈಜುಕೊಳದಲ್ಲೇ ಮಾಡೋಣ. 25 ಮೀಟರ್ ಕೊಳದಲ್ಲಿ, ಹೋಗುವುದೊಂದು ಬರುವುದೊಂದು ಅಂತ ಎಣಿಸಿ, ಮೂವತ್ತು ಸಲ ಈಜಿದರೆ 750 ಮೀಟರ್ ಆಗುತ್ತದೆ. ಒಬ್ಬೊಬ್ಬರನ್ನೇ ಕೆಲವು ಸೆಕೆಂಡ್ ಬಿಟ್ಟು ಇಳಿಸಿದರೆ ಗುಂಪೂ ಆಗಲ್ಲ, ಲೈಫ್‌ಗಾರ್ಡ್ ಕಣ್ಣಿಗೆ ಎಲ್ಲರೂ ಕಾಣುತ್ತಾರೆ. ಈಜು ಬಾರದವರೂ ಸೇರಲಿ ಅಂತ ಮೂವರ ತಂಡವಾಗಿ ರಿಲೇ ಇಡಬಹುದು, ಒಬ್ಬರು ಈಜಿದರೆ ಇನ್ನೊಬ್ಬರು ಸೈಕಲ್, ಮತ್ತೊಬ್ಬರು ಓಟ. ಸೈಕಲ್‌ಗೆ ಹೆದ್ದಾರಿ 75 ಬೇಡವೇ ಬೇಡ. ಟೊಮೆಟೊ ಸೀಸನ್ ಬಿಟ್ಟು ದಿನ ಗೊತ್ತು ಮಾಡಬೇಕು. ಸೀಸನ್ನಿನಲ್ಲಿ ಬೆಳಗಿನ ಜಾವದಿಂದಲೇ ಎ.ಪಿ.ಎಂ.ಸಿ. ಕಡೆ ಕ್ರೇಟ್ ತುಂಬಿದ ಗಾಡಿಗಳು ಸಾಲುಗಟ್ಟಿರುತ್ತವೆ, ರೈತರಿಗೂ ತೊಂದರೆ ಸೈಕಲ್‌ನವರಿಗೂ ಅಪಾಯ. ಓಟ ಅಂತರಗಂಗೆ ಬೆಟ್ಟದ ತಪ್ಪಲಿನ ಕಡೆ ಇಟ್ಟರೆ ಬೆಂಗಳೂರಿನವರೂ ಇಷ್ಟಪಟ್ಟು ಬರುತ್ತಾರೆ.

ದುಡ್ಡಿನ ವಿಷಯದಲ್ಲಿ ಮಾತ್ರ ಶುರುವಿನಲ್ಲೇ ಕಟ್ಟುನಿಟ್ಟು ಇರಬೇಕು. ಇಂಥ ಸ್ಪರ್ಧೆಗಳಲ್ಲಿ ಪ್ರವೇಶ ಶುಲ್ಕದ ದೊಡ್ಡ ಪಾಲು ಟೀ ಶರ್ಟ್, ಪದಕ, ಸಮಯ ಅಳೆಯುವ ಚಿಪ್, ಆಂಬುಲೆನ್ಸ್, ಬಂದೋಬಸ್ತಿಗೇ ಹೋಗುತ್ತದೆ. ಅದು ಬೇಕಾದ ಖರ್ಚೇ. ಆದರೆ ಸಹಾಯಾರ್ಥ ಅಂತ ಹೆಸರಿಟ್ಟ ಮೇಲೆ ಶುಲ್ಕ ಬೇರೆ, ದೇಣಿಗೆ ಬೇರೆ ಖಾತೆಯಲ್ಲಿರಬೇಕು. ಪ್ರತಿ ಸ್ಪರ್ಧಿ ತನ್ನ ಪರಿಚಯದವರಿಂದ ಕೂಡಿಸಿದ ದೇಣಿಗೆ ಎಷ್ಟು, ಅದರಲ್ಲಿ ಯಾವ ಸ್ಕೂಲಿನ ಎಷ್ಟು ಮಕ್ಕಳು ಈಜು ಕಲಿತರು ಅಂತ ಲೆಕ್ಕವನ್ನು ಪತ್ರಿಕೆಯಲ್ಲೇ ಪ್ರಕಟಿಸಲಿ. ಕಲಿಯುವವರಲ್ಲಿ ಅರ್ಧ ಹೆಣ್ಣುಮಕ್ಕಳೇ ಇರಬೇಕು, ಕಲಿಸುವುದಕ್ಕೆ ಹೆಂಗಸರೂ ಇರಬೇಕು. ಬಾವಿ ಇದ್ದ ಕಾಲದಲ್ಲೂ ಹೆಣ್ಣುಮಕ್ಕಳಿಗೆ ಆ ಅವಕಾಶ ಕಡಿಮೆಯೇ ಇತ್ತು. ಹೊಂಡದಿಂದ ನೀರು ಮೊಗೆಯುವುದು, ಬಟ್ಟೆ ಒಗೆಯುವುದು ಜಾಸ್ತಿ ಅವರೇ ತಾನೇ.

ಜನವರಿ ಅಥವಾ ಫೆಬ್ರವರಿಯಲ್ಲಿ ಸ್ಪರ್ಧೆ ನಡೆದರೆ ಏಪ್ರಿಲ್ ರಜೆಗೆ ಸರಿಯಾಗಿ ಕಲಿಕೆ ಶುರು ಮಾಡಬಹುದು. ಜಿಲ್ಲಾಡಳಿತ, ಕ್ರೀಡಾ ಇಲಾಖೆ, ಶಿಕ್ಷಣ ಇಲಾಖೆ ಮೂರೂ ಒಟ್ಟಿಗೆ ಕೂತು ಒಂದು ಸಭೆ ಕರೆಯಲಿ, ನಮ್ಮ ಸೈಕಲ್ ಗೆಳೆಯರು, ಮಾವಿನ ಮಂಡಿಯವರು, ವೈದ್ಯರು ಎಲ್ಲರನ್ನೂ ಕರೆಯಲಿ. ಶ್ರೀನಿವಾಸಪುರ ತಾಲ್ಲೂಕಿನ ಪಿ.ಟಿ. ಮೇಷ್ಟ್ರುಗಳನ್ನು ಒಟ್ಟು ಸೇರಿಸಿ, ಯಾವ ಹಳ್ಳಿಯಲ್ಲಿ ಬೇಲಿಯಿಲ್ಲದ ಹೊಂಡ ಎಷ್ಟಿವೆ ಅಂತ ಪಟ್ಟಿ ಮಾಡಿಕೊಂಡು ಆ ಸಭೆಗೆ ತರುವ ಕೆಲಸ ನನ್ನದು.

ಇಂತಿ,
ಒಬ್ಬ ದೈಹಿಕ ಶಿಕ್ಷಕ,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ